ಅಪ್ಪನ ಬ್ಲೇಜರ್, ಒಂದು ಲಕ್ಷ ಕೆಂಪಂಗಿ

ಅಪ್ಪ ಶಿವಮೊಗ್ಗದಿಂದ ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ಗೆ, ನಮ್ಮ ಮನೆಗೆ ಬಂದಾಗ ಅವರ ಸೂಟ್‌ಕೇಸಿನಲ್ಲಿ ಅಮ್ಮ ಕಟ್ಟಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಇತ್ತು, ಸಾರಿನಪುಡಿ ಇತ್ತು, ನುಸಿಗುಳಿಗೆ ವಾಸನೆ ಹೊಡೆಯುವ ಒಂದು ಕಡುನೀಲಿ ಬ್ಲೇಜರ್ ಇತ್ತು. 1974ರಲ್ಲಿ ಕಬಡ್ಡಿಗೆ ‘ಯೂನಿವರ್ಸಿಟಿ ಬ್ಲೂ’, ಅಂದರೆ ವಿಶ್ವವಿದ್ಯಾನಿಲಯದ ತಂಡದ ಆಟಗಾರ, ಆದಾಗಿನದು. ಜೇಬಿನ ಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಗಂಡಭೇರುಂಡ. ಎರಡು ಸಲ ಹೊಲಿಗೆ ಬಿಚ್ಚಿಸಿ ಅಗಲ ಮಾಡಿಸಿದ್ದಾರೆ, ಆದರೂ ಗುಂಡಿ ಹಾಕಲು ಬರುವುದಿಲ್ಲ.

‘ಇದ್ಯಾಕೆ ತಂದ್ರಿ ಅಪ್ಪ?’ ಅಂದೆ. ‘ಕಾಲೇಜು ಮ್ಯಾಚು ತೋರಿಸ್ತೀನಿ ಅಂದಿದ್ಯಲ್ಲೇ’ ಅಂದರು.

ಮೂವತ್ತು ವರ್ಷಕ್ಕೂ ಮೇಲೆ ಕಾಲೇಜಿನಲ್ಲಿ ಫಿಸಿಕಲ್ ಡೈರೆಕ್ಟರ್ ಆಗಿದ್ದವರು ಅಪ್ಪ. ಊರಿಗೆಲ್ಲ ‘ಪಿ.ಡಿ. ಸರ್’. ಬಿಳಿ ಪ್ಯಾಂಟು, ಬಿಳಿ ಅರ್ಧತೋಳಿನ ಅಂಗಿ, ಬಿಳಿ ಕ್ಯಾನ್ವಾಸ್ ಶೂ. ಭಾನುವಾರ ರಾತ್ರಿ ಆ ಶೂಗೆ ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ಬಿಳಿ ಬಣ್ಣ ಬಳಿಯುವುದು ನನ್ನ ಕೆಲಸ. ಒದ್ದೆ ಇದ್ದಾಗ ಬೂದಿ ಬಣ್ಣ, ಜಗಲಿಯಲ್ಲಿ ಒಣಗಿ ಬೆಳಗಾಗುವಷ್ಟರಲ್ಲಿ ಹಾಲಿನಂಥ ಬಿಳಿ. ಮಳೆಗಾಲದಲ್ಲಿ ಒಣಗದೆ ಒಲೆಯ ಹತ್ತಿರ ಇಟ್ಟು, ಒಂದು ಸಲ ರಬ್ಬರು ಸುಟ್ಟು, ನಾನು ಬೈಸಿಕೊಂಡದ್ದೂ ಉಂಟು. ಅಂತರಕಾಲೇಜು ಪಂದ್ಯ ನೋಡಲು ನೆಹರೂ ಕ್ರೀಡಾಂಗಣಕ್ಕೆ ಹವಾಯಿ ಚಪ್ಪಲಿಯಲ್ಲಿ ಬಂದ ಹುಡುಗರನ್ನು ‘ನಿಮಗಲ್ಲದಿದ್ರೂ ಕಾಲೇಜಿಗೆ ಮರ್ಯಾದೆ ಇದೆ’ ಎಂದು ವಾಪಸು ಕಳಿಸುತ್ತಿದ್ದ ಮನುಷ್ಯ. ಮ್ಯಾಚು ಆಡುವವರಿಗೆ ಎಷ್ಟು ನಿಯಮವೋ ನೋಡುವವರಿಗೂ ಅಷ್ಟೇ.

ನವೆಂಬರ್ ಮೊದಲ ಶನಿವಾರ. ನನ್ನವರ ಆಫೀಸಿನವರೊಬ್ಬರು ಇಲ್ಲಿಯ ಓಹಾಯೋ ಸ್ಟೇಟ್ ಯೂನಿವರ್ಸಿಟಿಯ ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ) ಪಂದ್ಯದ ಎರಡು ಟಿಕೆಟ್ ಕೊಟ್ಟಿದ್ದರು. ಹನ್ನೆರಡಕ್ಕೆ ಆಟ. ಅಪ್ಪ ಆ ಬ್ಲೇಜರ್ ಹಾಕಿ, ಟೈ ಕಟ್ಟಿ, ಶಿವಮೊಗ್ಗದ ಗಾಂಧಿಬಜಾರಿನಲ್ಲಿ ಕೊಂಡ ಹಳದಿ ಮಫ್ಲರ್ ಸುತ್ತಿಕೊಂಡು ತಯಾರಾದರು. ಚಳಿ ಎಂದು ನಾನು ಅದರ ಮೇಲೆ ನನ್ನವರ ಬೂದು ಜಾಕೆಟ್ ತೊಡಿಸಿದೆ. ಅಲ್ಲೇ ಎಡವಟ್ಟಾಗಿದ್ದು. ಒಳಗಿನ ಬಣ್ಣ ಏನಿದೆ ಎಂದು ನಾನು ನೋಡಲೇ ಇಲ್ಲ.

ಕಾರು ನಿಲ್ಲಿಸಿ ನಡೆಯತೊಡಗಿದಾಗ ಬಿಸಿಲು ಬಂತು. ಅಪ್ಪ ಜಾಕೆಟ್ ತೆಗೆದು ತೋಳಿಗೆ ಹಾಕಿಕೊಂಡರು. ಎದುರಿಗೆ ಬಂದ ಹುಡುಗರು ಅವರನ್ನೇ ನೋಡಿ ‘ಊಊ’ ಎಂದು ಕೂಗಿ ನಕ್ಕರು. ಅಪ್ಪನೂ ಕೈಯೆತ್ತಿ ನಕ್ಕರು. ಗೇಟಿನ ಹತ್ತಿರ ಟಿಕೆಟ್ ನೋಡುವ ಹೆಂಗಸು, ‘ಸರ್, ಮಿಶಿಗನ್ ಮ್ಯಾಚ್ ಇವತ್ತಲ್ಲ, ಇನ್ನೂ ಮೂರು ವಾರ ಇದೆ’ ಎಂದು ಕಣ್ಣು ಹೊಡೆದಾಗಲೇ ನನಗೆ ಹೊಳೆದದ್ದು. ಕಡುನೀಲಿ, ಹಳದಿ! ಸಾಕ್ಷಾತ್ ಮಿಶಿಗನ್.

ಈ ಊರಿನಲ್ಲಿ ಹನ್ನೊಂದು ವರ್ಷವಿದ್ದೂ ನಾನು ಇದನ್ನು ಗಮನಿಸಲಿಲ್ಲವೆಂದರೆ ನನ್ನವರು ಇಂದಿಗೂ ನಂಬುವುದಿಲ್ಲ. ಪಕ್ಕದ ರಾಜ್ಯದ ಮಿಶಿಗನ್ ಯೂನಿವರ್ಸಿಟಿ ಇಲ್ಲಿಯವರ ಜನ್ಮವೈರಿ. ಅವರೊಡನೆ ಪಂದ್ಯವಿರುವ ವಾರ ಕ್ಯಾಂಪಸ್ಸಿನ ಬೋರ್ಡುಗಳಲ್ಲಿ ‘ಎಂ’ ಅಕ್ಷರ ಕಂಡಲ್ಲೆಲ್ಲ ಕೆಂಪು ಟೇಪು ಅಂಟಿಸಿ ಹೊಡೆದುಹಾಕುತ್ತಾರೆ. ಹೆಸರು ಕೂಡ ಎತ್ತುವುದಿಲ್ಲ. ನಮ್ಮ ಕಡೆ ಹಿಂದಿನ ಕಾಲದ ಹೆಂಗಸರು ಗಂಡನ ಹೆಸರು ಹೇಳದೆ ‘ಅವರು’ ಎನ್ನುತ್ತಿದ್ದ ಹಾಗೆ ಇವರು ‘ಉತ್ತರದ ಕಡೆಯ ಆ ಟೀಮು’ ಎನ್ನುತ್ತಾರೆ. ಮಫ್ಲರ್ ಬಿಚ್ಚಿಸಿ ನನ್ನ ಜೇಬಿಗೆ ತುರುಕಿದೆ. ಬ್ಲೇಜರ್ ತೆಗೆಯಿರಿ ಎನ್ನುವ ಧೈರ್ಯ ಮಾತ್ರ ಬರಲಿಲ್ಲ.

1922ರಲ್ಲಿ ಶುರುವಾದ ಕ್ರೀಡಾಂಗಣ ಅದು. ಕುದುರೆ ಲಾಳದ ಆಕಾರ, ಒಂದು ಲಕ್ಷಕ್ಕೂ ಹೆಚ್ಚು ಜನ ಹಿಡಿಯುತ್ತದೆ. ಒಳಗೆ ಕಾಲಿಟ್ಟಾಗ ಅಪ್ಪ ಒಂದು ನಿಮಿಷ ಮಾತಾಡಲಿಲ್ಲ. ಎಲ್ಲಿ ನೋಡಿದರೂ ಕೆಂಪು. ಕೆಂಪು ಹುಡ್ಡಿ, ಕೆಂಪು ಜೆರ್ಸಿ, ಕೆಂಪು ಬೂದು ಪಟ್ಟೆಯ, ಎದೆಯವರೆಗೆ ಏರುವ ಪ್ಯಾಂಟು. ಬಕ್‌ಐ ಮರದ ಕಂದು ಬೀಜಗಳನ್ನು ಪೋಣಿಸಿದ ಸರಗಳನ್ನು ರುದ್ರಾಕ್ಷಿಯಂತೆ ಧರಿಸಿದ ಅಜ್ಜಿಯರು. ಆ ಚಳಿಯಲ್ಲಿ ಅಂಗಿಯನ್ನೇ ಹಾಕದೆ ಎದೆಗೆ ಬಣ್ಣ ಬಳಿದುಕೊಂಡು, ಒಬ್ಬೊಬ್ಬನ ಮೇಲೆ ಒಂದೊಂದು ಅಕ್ಷರ ಬರೆಸಿಕೊಂಡು ನಿಂತ ಹುಡುಗರು.

‘ಥೋ, ಇವರ ಪಿ.ಡಿ. ಯಾರೇ?’ ಅಂದರು ಅಪ್ಪ.

ಪಿ.ಡಿ. ಅಲ್ಲ, ಕೋಚ್ ಎಂದೆ. ತೋರಿಸು ಅಂದರು. ತೋರಿಸುವುದು ಸುಲಭವಿರಲಿಲ್ಲ. ಮೈದಾನದ ಅಂಚಿನಲ್ಲಿ ಹತ್ತಾರು ಜನ ಒಂದೇ ತೆರನ ಪುಲ್‌ಓವರ್ ಹಾಕಿಕೊಂಡು, ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಮುಖ್ಯ ಕೋಚ್ ಯಾರು, ನೀರು ಕೊಡುವವ ಯಾರು ಎಂದು ಬಟ್ಟೆ ನೋಡಿ ಹೇಳುವಂತಿರಲಿಲ್ಲ. ‘ಸೀಟಿಯೂ ಇಲ್ಲ’ ಎಂದು ಅಪ್ಪ ನಿಟ್ಟುಸಿರು ಬಿಟ್ಟರು.

ಆಗಲೇ ಪಕ್ಕದ ಸೀಟಿನ ಹಿರಿಯರು ತಿರುಗಿ ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದ್ದು. ಎಂಬತ್ತು ದಾಟಿದವರು. ಬೂದು ಉಣ್ಣೆಯ ಕೋಟು, ಕೆಂಪು ಟೈ. ನಮ್ಮ ಸಾಲುಗಳಲ್ಲಿ ಅಪ್ಪನನ್ನು ಬಿಟ್ಟರೆ ಟೈ ಕಟ್ಟಿದವರು ಅವರೊಬ್ಬರೇ. ‘ಅಂತೂ ಒಬ್ಬರಾದರೂ ಸರಿಯಾಗಿ ಬಟ್ಟೆ ಹಾಕಿಕೊಂಡು ಬಂದರಲ್ಲ! ಬಣ್ಣ ಮಾತ್ರ ಶತ್ರುವಿನದು’ ಎಂದರು. ಜೇಬಿನ ಮೇಲಿನ ಎರಡು ತಲೆಯ ಹಕ್ಕಿ ಯಾವ ಟೀಮಿನದು ಎಂದು ಕೇಳಿದರು. ಅಪ್ಪ ತಮ್ಮ ಇಂಗ್ಲಿಷಿನಲ್ಲಿ ಗಂಡಭೇರುಂಡದಿಂದ ಹಿಡಿದು ಕಬಡ್ಡಿಯ ರೈಡಿನವರೆಗೆ ವಿವರಿಸಿದರು. ಅಷ್ಟರಲ್ಲಿ ಒಂದು ಟಚ್‌ಡೌನ್, ಅಂದರೆ ಈ ಆಟದ ಗೋಲು, ಆಗಿಹೋಗಿತ್ತು. ಇಬ್ಬರೂ ನೋಡಲಿಲ್ಲ.

ಅವರು ಇಲ್ಲೇ ಅರವತ್ತರ ದಶಕದ ಮೊದಲಲ್ಲಿ ಓದಿದವರು. ಆಗ ಹುಡುಗರು ಮ್ಯಾಚಿಗೆ ಕೋಟು, ಟೈಯಲ್ಲಿ ಬರುತ್ತಿದ್ದರಂತೆ, ಹುಡುಗಿಯರು ಕೋಟಿಗೆ ದೊಡ್ಡ ಸೇವಂತಿಗೆ ಹೂ ಸಿಕ್ಕಿಸಿಕೊಂಡು. ‘ಸೇವಂತಿಗೆಯಾ?’ ಅಪ್ಪ ನನ್ನ ಕಡೆ ತಿರುಗಿ ಕೇಳಿದರು, ತಪ್ಪು ಕೇಳಿಸಿತೇನೋ ಎಂಬಂತೆ. ಆ ಹಿರಿಯರು ಇನ್ನೊಂದು ಮಾತೂ ಹೇಳಿದರು: ತಮ್ಮ ಹೆಂಡತಿ ಹೈಹೀಲ್ಸ್, ಸ್ಕರ್ಟಿನಲ್ಲಿ ಈ ಮೆಟ್ಟಿಲು ಹತ್ತಿ, ತಣ್ಣನೆಯ ಬೆಂಚಿನ ಮೇಲೆ ಮೂರು ಗಂಟೆ ಕೂತು ಪ್ರತಿ ಶನಿವಾರ ಶಪಿಸುತ್ತಿದ್ದರಂತೆ. ನನಗೆ ಆಕೆಯ ಮೇಲೆ ಒಮ್ಮೆಲೇ ಪ್ರೀತಿ ಬಂತು. ಅರವತ್ತರ ದಶಕದ ನಡುವಿನವರೆಗೂ ಅಮೆರಿಕದ ಎಷ್ಟೋ ಕಾಲೇಜುಗಳಲ್ಲಿ ಹುಡುಗಿಯರು ತರಗತಿಗೆ ಪ್ಯಾಂಟು ಹಾಕುವಂತಿರಲಿಲ್ಲ. ಹಳೆಯ ಫೋಟೋಗಳ ಟೋಪಿ, ಕೋಟುಗಳ ಸಾಲು ನೋಡಲು ಚೆಂದ. ಚಳಿ ಯಾರ ಕಾಲಿಗೆ ಹತ್ತುತ್ತಿತ್ತು ಎಂಬುದು ಫೋಟೋದಲ್ಲಿ ಕಾಣುವುದಿಲ್ಲ.

ಕೋಚುಗಳ ಸಂಗತಿಯಲ್ಲಿ ಮಾತ್ರ ಇಬ್ಬರಿಗೂ ಒಮ್ಮತ. 1951ರಿಂದ 1978ರವರೆಗೆ ಇಲ್ಲಿ ಕೋಚ್ ಆಗಿದ್ದ ವುಡಿ ಹೇಸ್ ಎಂಥ ಚಳಿಯಲ್ಲೂ ಬಿಳಿ ಅರ್ಧತೋಳಿನ ಅಂಗಿ, ಟೈ, ತಲೆಗೆ ಕಪ್ಪು ಕ್ಯಾಪು. ಅರ್ಧತೋಳಿನ ಬಿಳಿ ಅಂಗಿ ಎಂದ ಕೂಡಲೇ ಅಪ್ಪನ ಬೆನ್ನು ನೆಟ್ಟಗಾಯಿತು. (ಅದೇ ಟೈ ಕಟ್ಟುವ ಮನುಷ್ಯ 1978ರ ಗೇಟರ್ ಬೌಲ್ ಪಂದ್ಯದಲ್ಲಿ ಎದುರಾಳಿ ಆಟಗಾರನಿಗೆ ಗುದ್ದಿ ಕೆಲಸ ಕಳೆದುಕೊಂಡರು. ಅಪ್ಪನಿಗೆ ಅದನ್ನು ಮನೆಗೆ ಬಂದ ಮೇಲೆ ಹೇಳಿದೆ.) ಎಷ್ಟೋ ವರ್ಷದ ಮೇಲೆ ಇಲ್ಲಿಗೆ ಕೋಚ್ ಆಗಿ ಬಂದ ಜಿಮ್ ಟ್ರೆಸೆಲ್ ಟೈ ಮೇಲೆ ತೋಳಿಲ್ಲದ ಸ್ವೆಟರ್ ಹಾಕುತ್ತಿದ್ದರು. ಅದೇ ಅವರ ಗುರುತಾಗಿ, ಊರಿನ ಗಂಡಸರೆಲ್ಲ ಅಂಥದ್ದೇ ಕೊಂಡರು. ಅಲಬಾಮಾ ಯೂನಿವರ್ಸಿಟಿಯ ಕೋಚ್ ಆಗಿದ್ದ ಬೇರ್ ಬ್ರಯಂಟ್ ಚೌಕುಳಿ ಹ್ಯಾಟಿಗೆ ಹೆಸರಾದವರು. ನ್ಯೂ ಆರ್ಲಿಯನ್ಸಿನ ಸೂರು ಹೊದಿಸಿದ ಸೂಪರ್‌ಡೋಮ್‌ನಲ್ಲಿ ಆಡಿಸುವಾಗ ಮಾತ್ರ ಹ್ಯಾಟು ತೆಗೆದಿಟ್ಟಿದ್ದರು, ಮನೆಯೊಳಗೆ ಹ್ಯಾಟು ಹಾಕಬಾರದೆಂದು ತಾಯಿ ಕಲಿಸಿದ್ದರಂತೆ. ‘ನೋಡು ಮಾರಾಯ್ತಿ, ನೋಡು’ ಅಂದರು ಅಪ್ಪ, ನಾನೇ ಹ್ಯಾಟು ಹಾಕಿ ಕೂತವಳ ಹಾಗೆ.

ಬಾಸ್ಕೆಟ್‌ಬಾಲ್ ಕೋಚುಗಳು ಮೊನ್ನೆ ಮೊನ್ನೆಯವರೆಗೂ ಸೂಟಿನಲ್ಲೇ ಇರುತ್ತಿದ್ದರು. 2020ರಲ್ಲಿ ಕೊರೊನಾ ಬಂದು ಖಾಲಿ ಅಂಗಳದಲ್ಲಿ ಆಡಿಸುವಾಗ ಸೂಟು ಬಿಟ್ಟವರು ಹೆಚ್ಚಿನವರು ಮತ್ತೆ ಅದರ ಸುದ್ದಿಗೆ ಹೋಗಲಿಲ್ಲ. ಆರಾಮು ಒಂದು ಕಾರಣ. ಇನ್ನೊಂದು, ಕೋಟಿಗೆ ಕಂಪನಿಯ ಗುರುತು ಇರುವುದಿಲ್ಲ. ಆಟದ ಬಟ್ಟೆ, ಶೂ ಮಾಡುವ ನೈಕಿ ಕಂಪನಿಯೊಡನೆ ಈ ಯೂನಿವರ್ಸಿಟಿ 2016ರಲ್ಲಿ ಪ್ರಕಟಿಸಿದ ಹದಿನೈದು ವರ್ಷದ ಒಪ್ಪಂದದ ಮೊತ್ತ 25.2 ಕೋಟಿ ಡಾಲರ್. ಅಷ್ಟು ದುಡ್ಡು ಕೊಟ್ಟವರು ಕೋಚಿನ ಎದೆಯನ್ನು ಟೈಗೆ ಬಿಟ್ಟುಕೊಡುತ್ತಾರೆಯೇ?

ಜನ ಹೇಗೆ ಬೇಕಾದರೂ ಬರುವಂತಾಗಿದೆ, ಶಿಸ್ತು ಸಡಿಲವಾಗಿದೆ ಎಂದು ಆ ಹಿರಿಯರು ಗೊಣಗಿದರು. ನನಗೆ ಹಾಗನ್ನಿಸಲಿಲ್ಲ. ಅಂಗಿಯಿಲ್ಲದ ಹುಡುಗರನ್ನು ಅಲ್ಲಿ ಯಾರೂ ತಿರುಗಿ ನೋಡಲಿಲ್ಲ. ಇಸ್ತ್ರಿ ಮಾಡಿದ ಬ್ಲೇಜರಿನ ಅಪ್ಪನನ್ನು ಗೇಟಿನಿಂದಲೇ ಗುರುತು ಹಿಡಿದರು. ಆಗ ನೀನು ಎಂಥವನು ಎಂದು ಬಟ್ಟೆ ಹೇಳಬೇಕಿತ್ತು, ಈಗ ಯಾರ ಕಡೆಯವನು ಎಂದು ಹೇಳಿದರೆ ಸಾಕು, ಆದರೆ ಹೇಳಲೇಬೇಕು.

ಎರಡೂವರೆ ಹೊತ್ತಿಗೆ ನೆರಳು ನಮ್ಮ ಸೀಟಿನವರೆಗೆ ಬಂತು. ಅಪ್ಪ ಕೆಮ್ಮತೊಡಗಿದರು. ಜಾಕೆಟ್ ಹಾಕಿದರೂ ಕುತ್ತಿಗೆಗೆ ಗಾಳಿ. ವಿಧಿಯಿಲ್ಲದೆ ಜೇಬಿನಿಂದ ಮಫ್ಲರ್ ತೆಗೆದೆ. ಹಿಂದಿನ ಸಾಲಿನಿಂದ ಯಾರೋ ‘ಹೋ’ ಎಂದರು. ಹಿರಿಯರು ತಡೆದು, ತಮ್ಮ ಕೋಟಿನೊಳಗಿಂದ ಕೆಂಪು ಮಫ್ಲರ್ ಎಳೆದು ಕೊಟ್ಟರು. ‘ಇದನ್ನು ಹೊರಗೆ ಸುತ್ತಿಕೊಳ್ಳಿ. ಒಳಗಿನದನ್ನು ನಾನು ನೋಡಿಲ್ಲ.’

ಅಪ್ಪ ಹಳದಿಯದನ್ನು ಕುತ್ತಿಗೆಗೆ ಬಿಗಿಯಾಗಿ ಸುತ್ತಿ, ಅದರ ಕೆಳಗೆ ಕೆಂಪನ್ನು ಹರವಿಕೊಂಡರು. ಮೇಲೆ ಹಳದಿ, ಕೆಳಗೆ ಕೆಂಪು. ನಾನು ಒಂದು ಫೋಟೋ ತೆಗೆದು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಊರಿನಲ್ಲಿ ಆಗ ನಡುರಾತ್ರಿ. ನಿದ್ದೆ ಬಾರದ ಚಿಕ್ಕಪ್ಪ ಎರಡೇ ನಿಮಿಷದಲ್ಲಿ ಉತ್ತರ ಬರೆದರು: ‘ಭಲೇ, ಅಲ್ಲೂ ರಾಜ್ಯೋತ್ಸವ ಜೋರಾಗಿ ಮಾಡ್ತೀರಿ. ಎಷ್ಟು ಜನ ಸೇರಿದಾರೆ ಮಾರಾಯ್ರೆ!’