ಮೂಲೆಯ ಅಂಕಿಗಳು

ಇಂದು ಸಂಜೆ ಬಿಡುಗಡೆಗೆ ಮುಂಚಿನ ಪ್ರದರ್ಶನವೊಂದಕ್ಕೆ ಹೋಗಿದ್ದೆ. ಪುಟ್ಟ ತಂಡದ ಸಿನಿಮಾ, ಕೆಲಸ ಇನ್ನೂ ಬಾಕಿ.

ಪರದೆಯ ಮೂಲೆಯಲ್ಲಿ ಟೈಮ್‌ಕೋಡ್ ಓಡುತ್ತಲೇ ಇತ್ತು. ಗಂಟೆ, ನಿಮಿಷ, ಸೆಕೆಂಡು, ಕೊನೆಗೆ ಸೆಕೆಂಡಿಗೆ 24 ಸಲ ಬದಲಾಗುವ ಫ್ರೇಮಿನ ಲೆಕ್ಕ. ಕಣ್ಣು ಅಲ್ಲಿಗೇ ಹೋಗುತ್ತದೆ, ಏನು ಮಾಡುವುದು!

ನಾಯಕಿ ಬಸ್ ನಿಲ್ದಾಣದಲ್ಲಿ ಸುಮ್ಮನೆ ಕುಳಿತಿದ್ದಾಳೆ. ಬಸ್ಸು ಬರುವುದಿಲ್ಲ. ಅಂಕಿ ನೋಡಿದೆ: ಪೂರಾ ಎರಡು ನಿಮಿಷ. ಇಷ್ಟುದ್ದ ಬೇಕಿತ್ತೇ ಎಂದು ಗೊಣಗಿಕೊಂಡೆ, ಮನಸ್ಸಿನಲ್ಲೇ. ನಿರ್ದೇಶಕರು ಹಿಂದಿನ ಸಾಲಿನಲ್ಲಿದ್ದರು.

ಹೊರಬಂದು ನಾನೂ ನಿಲ್ದಾಣದಲ್ಲಿ ಕುಳಿತೆ. ಪಕ್ಕದಲ್ಲೊಬ್ಬರು ಚಪ್ಪಲಿ ಕಳಚಿ, ಕಾಲ್ಬೆರಳುಗಳನ್ನು ಮಡಚಿ ಬಿಚ್ಚುತ್ತಿದ್ದರು. ಒಂದೊಂದೇ ಬೆರಳು, ನಿಧಾನವಾಗಿ, ದಿನವಿಡೀ ನಿಂತವರ ಹಾಗೆ.

ನೋಡುತ್ತಲೇ ಇದ್ದೆ. ಅಂಕಿಗಳಿರಲಿಲ್ಲ.

ನನ್ನ ಬಸ್ಸು ಹೊರಟುಹೋಗಿತ್ತು.