ಮಂಡ್ಯಕ್ಕೆ ಹನ್ನೊಂದು ಗಂಟೆ

ಮೈಸೂರಿನಿಂದ ಮಂಡ್ಯಕ್ಕೆ 45 ಕಿ.ಮೀ. ರೈಲಿನಲ್ಲಿ ಕೂತರೆ ಕಡಲೆಕಾಯಿ ಪೊಟ್ಟಣ ಖಾಲಿಯಾಗುವಷ್ಟರಲ್ಲಿ ಊರು ಬಂದಿರುತ್ತದೆ. ಕಳೆದ ಡಿಸೆಂಬರಿನಲ್ಲಿ ನಾನೂ ನನ್ನ ಭಾಮೈದನೂ ಬೈಕಿನಲ್ಲಿ ಬೆಳಗ್ಗೆ ಏಳಕ್ಕೆ ಹೊರಟವರು ಮಂಡ್ಯ ಮುಟ್ಟಿದ್ದು ಸಂಜೆ ಆರಕ್ಕೆ. ಇದನ್ನು ಹೇಳಿದರೆ ಈಗಲೂ ಮನೆಯಲ್ಲಿ ಯಾರೂ ನಂಬುವುದಿಲ್ಲ. ನಡುವೆ ಎಲ್ಲೋ ಕೂತು ಬಾಡೂಟ ಹೊಡೆದಿದ್ದಾರೆ ಅಂತಲೇ ಅವರ ಲೆಕ್ಕ.

ಬಾಡೂಟ ಇದ್ದದ್ದು ಮರುದಿನ. ಮಂಡ್ಯದ ನೆಂಟರ ಮನೆಯಲ್ಲಿ ಬೀಗರೂಟ. ಮಿಕ್ಕವರೆಲ್ಲ ಹಿಂದಿನ ದಿನವೇ ರೈಲು ಹತ್ತಿದ್ದರು. ನಮಗಿಬ್ಬರಿಗೆ ಬೈಕಿನ ಚಟ. ಆದರೆ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯ ನಡುವಿನ ಆರು ಪಥಗಳಿಗೆ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರು ಹೋಗುವಂತಿಲ್ಲ. ಪಕ್ಕದ ಸರ್ವಿಸ್ ರಸ್ತೆಯೇ ಗತಿ. ಗೋಡೆಯ ಆಚೆ ಕಾರುಗಳು ಸುಂಯ್ ಅಂತ ಹೋಗುತ್ತಿರುತ್ತವೆ, ಈಚೆ ನಾವು ಹಂಪು ಎಣಿಸುತ್ತಿರುತ್ತೇವೆ. "ಭಾವ, ಆ ಬೇಜಾರು ಯಾಕೆ, ನಾಲೆ ಏರಿ ಮೇಲೆ ಹೋದ್ರೆ ಹೆಂಗೆ?" ಅಂದ ಭಾಮೈದ. ಕನ್ನಂಬಾಡಿಯ ನೀರು ಮಂಡ್ಯಕ್ಕೆ ಹೋಗುವುದು ವಿಶ್ವೇಶ್ವರಯ್ಯ ನಾಲೆಯಲ್ಲಿ. ನೀರು ಹೋಗುವ ಕಡೆ ನಾವು ಹೋಗಬಾರದೇ?

ಗಾಡಿಗಳ ವಿಷಯ ಹೇಳಿಬಿಡುತ್ತೇನೆ. ನನ್ನದು ಹಿಮಾಲಯನ್ 411. ಮುಂದೆ 21 ಇಂಚಿನ ಚಕ್ರ, ನೆಲದಿಂದ ಗಾಡಿಯ ತಳಕ್ಕೆ 220 ಮಿ.ಮೀ. ಎತ್ತರ, ತೂಕ ಹತ್ತಿರ ಹತ್ತಿರ 200 ಕೆ.ಜಿ. ಭಾಮೈದನದು ಅವನ ಅಪ್ಪನ, ಅಂದರೆ ನಮ್ಮ ಮಾವನವರ ಯೆಜ್ಡಿ ರೋಡ್‌ಕಿಂಗ್. ಮಾವ ಜಾವಾ, ಯೆಜ್ಡಿ ಬೈಕು ಮಾಡುತ್ತಿದ್ದ ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. 1961ರಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಗಾಡಿ ಮಾತ್ರ ಮಾವನ ಮನೆಯಲ್ಲಿ ಇನ್ನೂ ಒದ್ದರೆ ಎದ್ದು ಕೂರುತ್ತದೆ. ಕಿಕ್ ಹೊಡೆಯುವ ಕೋಲನ್ನೇ ಮುಂದಕ್ಕೆ ಮಲಗಿಸಿದರೆ ಅದೇ ಗೇರು. ಎರಡು ಸೈಲೆನ್ಸರು, ಟೂಟಿ ಆಯಿಲ್ ಬೆರೆಸಿದ ಪೆಟ್ರೋಲು, ನೀಲಿ ಹೊಗೆ. ಮಣ್ಣಿನ ದಾರಿಗೆ ಅದನ್ನು ತೆಗೆದುಕೊಂಡು ಹೋಗುತ್ತೇವೆ ಅಂತ ಮಾವನಿಗೆ ಹೇಳಿರಲಿಲ್ಲ. ಸರ್ವಿಸ್ ರಸ್ತೆಯಲ್ಲಿ ನಿಧಾನ ಬರ್ತೀವಿ ಅಂತ ಹೇಳಿದ್ದೆವು.

ಬೆಳಗೊಳದ ರಸ್ತೆಯಲ್ಲಿ ಮಂಜು. ಕೆಆರ್‌ಎಸ್‌ನಲ್ಲಿ ಚಹಾದಂಗಡಿ ಮುಂದೆ ನಿಲ್ಲಿಸಿದಾಗ ಅಲ್ಲಿದ್ದವರ ಮಾತು ಮಾಮೂಲಿನದೇ: "ಇವತ್ತು ಎಷ್ಟೈತೆ?" ಎಷ್ಟು ಅಂದರೆ ಕಟ್ಟೆಯಲ್ಲಿ ಎಷ್ಟು ಅಡಿ ನೀರು. ತುಂಬಿದರೆ 124.80. ಈ ಸೀಮೆಯಲ್ಲಿ ಮಗುವಿಗೂ ಆ ಅಂಕಿ ಗೊತ್ತು.

ಸೇತುವೆ ದಾಟಿ ಎಡದಂಡೆಗೆ ಬಂದು ನಾಲೆ ಹಿಡಿದೆವು. ಮೊದಲು ಇದಕ್ಕೆ ಇರ್ವಿನ್ ನಾಲೆ ಅಂತ ಹೆಸರಿತ್ತು, ಆಗಿನ ವೈಸರಾಯ್ ಹೆಸರು. ಸ್ವಲ್ಪ ದೂರ ಡಾಂಬರು, ಆಮೇಲೆ ಗರಸು, ಆಮೇಲೆ ಅದೂ ಇಲ್ಲ. ಎರಡು ಚಕ್ರದ ಜಾಡು, ನಡುವೆ ಹುಲ್ಲು. ಒಂದು ಕಡೆ ತುಂಬಿದ ನಾಲೆ, ಇನ್ನೊಂದು ಕಡೆ ಹತ್ತಡಿ ಕೆಳಗೆ ಗದ್ದೆ. ಟೈರಿನ ಗಾಳಿ 20ಕ್ಕೆ ಇಳಿಸಿಕೊಂಡೆ. ಗಾಳಿ ಕಮ್ಮಿಯಾದರೆ ಟೈರು ಅಗಲವಾಗಿ ನೆಲ ಹಿಡಿಯುತ್ತದೆ, ಕಲ್ಲಿನ ಮೇಲೆ ಕುಣಿಯುವುದಿಲ್ಲ. ಫುಟ್‌ರೆಸ್ಟ್ ಮೇಲೆ ಎದ್ದು ನಿಂತು, ಮಂಡಿಯಲ್ಲಿ ಟ್ಯಾಂಕು ಅದುಮಿ, ಕೈ ಸಡಿಲ ಬಿಟ್ಟು ಹೋಗಬೇಕು. ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದವನೇ ಮೊದಲು ಬೀಳುವುದು. ಭಾಮೈದ ಇದ್ಯಾವುದೂ ಮಾಡಲಿಲ್ಲ. ಹಾಲು ಹಾಕಲು ಹೊರಟವನ ಹಾಗೆ ಸುಮ್ನೆ ಕೂತು ಬಂದ.

ನಾಲೆ ಪಕ್ಕ ಗಾಡಿ ಓಡಿಸುವುದರಲ್ಲಿ ಒಂದು ಮಜಾ ಇದೆ. ಅಲ್ಲಿ ಏರು ಅನ್ನುವುದೇ ಬರುವುದಿಲ್ಲ. ನೀರಿಗೆ ಬೇಕಾಗಿರುವುದು ಕಣ್ಣಿಗೆ ಕಾಣದಷ್ಟು ಇಳಿಜಾರು. ಅದನ್ನು ಕಳೆದುಕೊಳ್ಳಬಾರದು ಅಂತ ನಾಲೆ ಪ್ರತಿ ದಿಣ್ಣೆಯ ಸೊಂಟ ಬಳಸಿ ಸುತ್ತುತ್ತದೆ. ಎದುರಿಗೆ ಕಾಣುವ ತೆಂಗಿನ ತೋಟಕ್ಕೆ ಅರ್ಧ ಕಿ.ಮೀ. ಇದ್ದರೆ ಅದು ನಮ್ಮನ್ನು ಮೂರು ಕಿ.ಮೀ. ಸುತ್ತಿಸಿ ಕರೆದೊಯ್ಯುತ್ತದೆ. ಹೀಗೆ ಸುತ್ತುವಾಗಲೇ ನನಗೆ ಇನ್ನೊಂದು ಕಂಡದ್ದು. ನಾಲೆಯ ಮೇಲುಗಡೆ ಖುಷ್ಕಿ, ಕೆಳಗಡೆ ತರಿ. ಮೇಲೆ ಕೊಯ್ದ ರಾಗಿ ಹೊಲ, ಹುರುಳಿ, ಜಾಲಿ, ಕುರಿ. ಕೆಳಗೆ ಭತ್ತ, ಕಬ್ಬು, ಅಡಿಕೆ. ನಡುವೆ ಇರುವುದು ನಮ್ಮ ಚಕ್ರದ ಜಾಡಿನಷ್ಟು ಜಾಗ. ಬಲಗಡೆ ಮಹಡಿ ಮನೆ, ಎಡಗಡೆ ಶೀಟಿನ ಮನೆ. ಒಂದೇ ಊರು, ಬಹುಶಃ ಒಂದೇ ಅಪ್ಪನ ಮಕ್ಕಳು. ಯಾರ ಪಾಲಿಗೆ ಯಾವ ಕಡೆ ಬಂತು ಅನ್ನುವುದಷ್ಟೇ ವ್ಯತ್ಯಾಸ. ಈ ನೀರು ಬಂದಿದ್ದಕ್ಕೇ ಮಂಡ್ಯದಲ್ಲಿ ಕಬ್ಬು, ಕಬ್ಬು ಬಂದಿದ್ದಕ್ಕೇ 1933ರಲ್ಲಿ ಸಕ್ಕರೆ ಕಾರ್ಖಾನೆ. ಮಂಡ್ಯ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದು 1939ರಲ್ಲಿ. ಹೆದ್ದಾರಿಯಲ್ಲಿ ಹೋಗುವವರಿಗೆ ಎರಡೂ ಕಡೆ ಹಸಿರು ಕಾಣುತ್ತದೆ. ಹಸಿರು ಎಲ್ಲಿ ನಿಲ್ಲುತ್ತದೆ ಅಂತ ಕಾಣುವುದು ಏರಿಯ ಮೇಲೆ ಮಾತ್ರ.

ಪಾಂಡವಪುರದ ಹತ್ತಿರ ಸ್ವಲ್ಪ ಹೊತ್ತು ಊರ ರಸ್ತೆಗೆ ಇಳಿದೆವು. ತಪ್ಪು ಮಾಡಿದೆವು. ಡಿಸೆಂಬರಿನಲ್ಲಿ ಊರ ರಸ್ತೆ ರಸ್ತೆಯಾಗಿರುವುದಿಲ್ಲ, ಕಣವಾಗಿರುತ್ತದೆ. ಉದ್ದಕ್ಕೂ ಹುರುಳಿ ಹರಡಿದ್ದರು. ಕಾರು, ಲಾರಿ ಹತ್ತಿ ಇಳಿದರೆ ಒಕ್ಕಣೆ ಆಯಿತು. ಬೈಕಿನವನಿಗೆ ಅದು ಸೋಪು ಸವರಿದ ಹಾಗೆ. ಬ್ರೇಕು ಮುಟ್ಟದೆ, ಗೇರು ಬದಲಿಸದೆ ಉಸಿರು ಹಿಡಿದು ದಾಟಿದೆ. ಯೆಜ್ಡಿಯ ಹಿಂದಿನ ಚಕ್ರಕ್ಕೆ ಹುರುಳಿ ಬಳ್ಳಿ ಸುತ್ತಿಕೊಂಡು ಹಗ್ಗವಾಯಿತು. ಇಳಿದು ಕುಡುಗೋಲು ಕೇಳಿದೆವು. ಕಣದ ಅಮ್ಮ ಕುಡುಗೋಲು ಕೊಟ್ಟು, ಕೊಯ್ದದ್ದನ್ನೆಲ್ಲ ಆರಿಸಿ ವಾಪಸ್ ಹಾಕಿಸಿಕೊಂಡರು. "ಕಾಳದೆ ಕನಪ್ಪ ಅದ್ರಲ್ಲಿ."

ಕನಗನಮರಡಿಯ ಹತ್ತಿರ ಇಂಜಿನ್ ಆಫ್ ಮಾಡಿದೆವು. 2018ರ ನವೆಂಬರ್ 24ರಂದು ಇಲ್ಲಿ ಬಸ್ಸೊಂದು ನಾಲೆಗೆ ಬಿದ್ದು 30 ಜನ ಸತ್ತರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ನೀರು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮೇಲೆ ಮೆತ್ತಗೆ, ಅಡಿಯಲ್ಲಿ ಸೆಳೆತ. ಕಲ್ಲಿನ ಗೋಡೆಯ ಪಾಚಿಯ ಮೇಲೆ ಕೈ ನಿಲ್ಲುವುದಿಲ್ಲ. ಅಲ್ಲಿಂದ ಮುಂದೆ ನಾನು ಏರಿಯ ಗದ್ದೆ ಕಡೆಯ ಜಾಡನ್ನೇ ಹಿಡಿದೆ. ಬಿದ್ದರೆ ಕೆಸರಿಗೆ ಬೀಳೋಣ ಅಂತ.

ಹುಲಿಕೆರೆಗೆ ಬಂದಾಗ ಹನ್ನೆರಡೂವರೆ. ಇಲ್ಲಿ ನಾಲೆ ಮುಗಿದುಹೋಗುತ್ತದೆ. ಅಂದರೆ, ಎದುರಿಗೆ ಗುಡ್ಡದ ಸಾಲು, ನಾಲೆ ಸೀದಾ ಹೋಗಿ ಅದರೊಳಗೆ ನುಗ್ಗುತ್ತದೆ. ಗುಡ್ಡ ಕೊರೆದು ಮಾಡಿದ ಸುರಂಗ, ಎರಡೂವರೆ ಕಿ.ಮೀ.ಗೂ ಉದ್ದ. ಸೂರ್ಯನ ಬೆಳಕಿನಲ್ಲಿ ಅಷ್ಟು ದೂರ ನಮ್ಮ ಜೊತೆಗೇ ಬಂದ ನೀರು ಒಂದು ಮಾತೂ ಹೇಳದೆ ಕತ್ತಲೆಗೆ ಹೋಯಿತು. ನಮಗೆ ಒಂಥರಾ ಅವಮಾನವಾದ ಹಾಗಾಯಿತು.

ಕೈಯಲ್ಲಿ ಎಳನೀರಿತ್ತು. ಕುಡಿದು ಮುಗಿಸಿ ಭಾಮೈದ ಬುರುಡೆಯನ್ನು ನಾಲೆಗೆ ಎಸೆದ. "ಪಂದ್ಯ ಭಾವ. ಅದು ಆ ಕಡೆ ಬಾಯಿಗೆ ಬರೋದ್ರೊಳಗೆ ನಾವು ಗುಡ್ಡ ದಾಟಿ ಅಲ್ಲಿರ್ತೀವಿ." ಆಗಲ್ಲ ಅಂದೆ. ಸೋತವನು ಎರಡೂ ಗಾಡಿ ತೊಳೆಯಬೇಕು ಅಂತ ಮಾತಾಯಿತು. ನೀರು ನಾವು ನಡೆಯುವ ವೇಗದಲ್ಲಿದ್ದರೆ ಮುಕ್ಕಾಲು ಗಂಟೆ. ಗುಡ್ಡದ ಮೇಲೆ ಸುತ್ತಿಕೊಂಡರೂ ಐದಾರು ಕಿ.ಮೀ. ಲೆಕ್ಕದಲ್ಲಿ ನಾನು ಸೋತಾಗಿತ್ತು.

ಗುಡ್ಡದ ದಾರಿ ಎತ್ತಿನಗಾಡಿಗೆ ಅಂತ ಆದದ್ದು, ಈಗ ಅದಕ್ಕೂ ಬೇಡವಾದದ್ದು. ಕಡಲೆಕಾಯಿ ಗಾತ್ರದಿಂದ ಕುಂಬಳಕಾಯಿ ಗಾತ್ರದವರೆಗೆ ಕಲ್ಲು. ಎರಡೂ ಕಡೆ ಲಂಟಾನ. ಏರಿನಲ್ಲಿ ಒಂದನೇ ಗೇರು, ಒಂದೇ ಸಮ ಆಕ್ಸಿಲರೇಟರು, ಕಣ್ಣು ಚಕ್ರದ ಮೇಲಲ್ಲ, ಮುಂದಿನ ತಿರುವಿನ ಮೇಲೆ. ಇದೆಲ್ಲ ಗೊತ್ತಿದ್ದೂ ಒಂದು ಕ್ಷಣ ಕೆಳಗೆ ನೋಡಿದೆ. ಎಲ್ಲಿ ನೋಡಿದೆನೋ ಚಕ್ರ ಅಲ್ಲಿಗೇ ಹೋಯಿತು, ಒಂದು ಕುಂಬಳಕಾಯಿಗೆ. ಇಂಜಿನ್ ಆಫ್. ಎತ್ತರದ ಗಾಡಿ, ಕಾಲು ನೆಲಕ್ಕೆ ಸಿಗಲಿಲ್ಲ. ನಿಧಾನವಾಗಿ, ಎಮ್ಮೆ ಮಲಗುವ ಹಾಗೆ ಬಲಕ್ಕೆ ಮಲಗಿತು.

ಎತ್ತುವುದಕ್ಕೆ ಒಂದು ಉಪಾಯವಿದೆ. ಮೊದಲು ಸೈಡ್ ಸ್ಟ್ಯಾಂಡ್ ಬಿಡಿಸಿಡಬೇಕು, ಇಲ್ಲದಿದ್ದರೆ ಎತ್ತಿದ ಗಾಡಿ ಆ ಕಡೆಗೆ ಬೀಳುತ್ತದೆ. ಆಮೇಲೆ ಗಾಡಿಗೆ ಬೆನ್ನು ಕೊಟ್ಟು, ಸೀಟಿಗೆ ಕುಂಡೆ ಆನಿಸಿ, ಸೊಂಟದಲ್ಲಲ್ಲ, ಕಾಲಿನಲ್ಲಿ ತಳ್ಳಬೇಕು. ನಾವಿಬ್ಬರೂ ಹಾಗೆ ತಳ್ಳುತ್ತಾ ನರಳುತ್ತಿರುವಾಗ ಹಿಂದಿನಿಂದ ಟುರ್ರ್ ಅಂತ ಸದ್ದು. ಟಿವಿಎಸ್ ಎಕ್ಸೆಲ್. ಹಿಂದೆ ಎರಡು ಹೊರೆ ಹುಲ್ಲು, ಮುಂದೆ ಹಾಲಿನ ಕ್ಯಾನು, ಕ್ಯಾನಿನ ಪಕ್ಕ ಒಂದು ಮೇಕೆಮರಿ. ಓಡಿಸುತ್ತಿದ್ದವರಿಗೆ ಅರವತ್ತಾದರೂ ಇರಬೇಕು. ಕಾಲಲ್ಲಿ ಹವಾಯಿ ಚಪ್ಪಲಿ. ನಾವು ಹೆಲ್ಮೆಟ್ಟು, ಮಂಡಿ ಕವಚ, ಗ್ಲೌಸು.

"ಬೀಳಿಸ್ಕೊಂಡ್ರಾ ಸಾಮಿ? ಯಾಕ್ ಅಷ್ಟೆತ್ತರದ್ ಗಾಡಿ?" ಅಂದರು. ಇಳಿದು ಒಂದು ಕೈ ಹಾಕಿದರು. ಗಾಡಿ ಎದ್ದಿತು. ಯೆಜ್ಡಿ ಕಡೆ ತಿರುಗಿ, "ಇದು ಜಾವ ಅಲ್ವಾ? ನಮ್ಮಯ್ಯನ್ ತಾವಿತ್ತು" ಅಂದು ಟ್ಯಾಂಕು ಸವರಿದರು. ಆಮೇಲೆ ಎರಡೂ ಕಾಲು ಚಾಚಿಕೊಂಡು, ನಾನು ಬಿದ್ದ ಅದೇ ಕಲ್ಲಿನ ಪಕ್ಕದಲ್ಲೇ ಟುರ್ರ್ ಅಂತ ಹತ್ತಿ ಹೋದರು. ಅಡ್ವೆಂಚರ್ ಬೈಕು ಕೊಳ್ಳಬೇಕು ಅಂತ ಯಾರಾದರೂ ಈಗ ನನ್ನನ್ನು ಕೇಳಿದರೆ ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ.

ಗುಡ್ಡದ ನೆತ್ತಿ ದಾಟಿ ಇಳಿಯುವಾಗ ಮುಂದಿನ ಚಕ್ರ ಮೆತ್ತಗಾಯಿತು. ಜಾಲಿ ಮುಳ್ಳು, ಎರಡು ಇಂಚಿನದು. ಈ ಗಾಡಿಗೆ ಟ್ಯೂಬ್ ಟೈರು, ಹಾಗಾಗಿ ಚಕ್ರ ಬಿಚ್ಚಲೇಬೇಕು. ಬದಲಿ ಟ್ಯೂಬು, ಎರಡು ಲಿವರು, ಕಾಲಲ್ಲಿ ಒತ್ತುವ ಪಂಪು ಜೊತೆಗಿತ್ತು. ಯೂಟ್ಯೂಬಿನಲ್ಲಿ ಹತ್ತು ನಿಮಿಷದ ಕೆಲಸ. ನನಗೆ ಒಂದೂಕಾಲು ಗಂಟೆ. ಹೊಸ ಟ್ಯೂಬನ್ನು ಲಿವರಿಗೆ ಸಿಕ್ಕಿಸಿ ಇನ್ನೇನು ತೂತು ಮಾಡಬೇಕು, ಭಾಮೈದ ಲಿವರು ಕಿತ್ತುಕೊಂಡ. ಟೈರಿನ ಒಳಗೆ ಬೆರಳಾಡಿಸಿ ಮುಳ್ಳಿನ ತುದಿ ಹುಡುಕಿ ತೆಗೆದವನೂ ಅವನೇ. ಅದನ್ನು ಮರೆತಿದ್ದರೆ ಹೊಸ ಟ್ಯೂಬೂ ಹೋಗುತ್ತಿತ್ತು. ಕಾರ್ಖಾನೆಯವರ ಮಗ.

ಆಮೇಲೆ ದಾರಿ ತಪ್ಪಿತು. ನೆಟ್‌ವರ್ಕ್ ಇರಲಿಲ್ಲ, ಇದ್ದಿದ್ದರೂ ಮ್ಯಾಪಿನಲ್ಲಿ ಆ ದಾರಿ ಇರಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ಬೆಳ್ಳಕ್ಕಿ. ಅವು ಇಳಿಯುವ ಕಡೆ ಗದ್ದೆ ಇರಬೇಕು, ಗದ್ದೆ ಇದ್ದರೆ ನಾಲೆ ಇರಬೇಕು ಅಂತ ಹೋದೆವು. ಸರಿಹೋಯಿತು. ಬೆಳಗ್ಗಿನದೇ ನೀರು, ಅದೇ ಬಣ್ಣ, ಏನೂ ಆಗದವರ ಹಾಗೆ ಹರಿಯುತ್ತಿತ್ತು. ದಂಡೆಯಲ್ಲಿ ಒಬ್ಬ ಹುಡುಗ ಎಮ್ಮೆ ಮೈ ಉಜ್ಜುತ್ತಿದ್ದ. ಗಂಟೆ ಮೂರೂವರೆ ಆಗಿತ್ತು.

"ಅಪ್ಪಾ, ಇಲ್ಲಿ ಒಂದು ಎಳನೀರು ಬುರುಡೆ ಬಂತಾ?" ಅಂತ ಭಾಮೈದ ಕೇಳಿದ.

ಹುಡುಗ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದ. "ದಿನಾ ಹತ್ತಿಪ್ಪತ್ತು ಬತ್ತವೆ ಕನಣ್ಣ. ನಿಮ್ದ್ಯಾವ್ದು?"

ಇನ್ನು ಮಂಡ್ಯ ದೂರವಿರಲಿಲ್ಲ. ಆದರೆ ನಡುವೆ ಆಲೆಮನೆಯ ವಾಸನೆ ಹಿಡಿದು ನಿಲ್ಲಿಸಿತು. ಅಂಗಳದ ತುಂಬಾ ರಚ್ಚು, ಅಂದರೆ ಹಿಂಡಿದ ಕಬ್ಬಿನ ಸಿಪ್ಪೆ, ಒಣಗಿತ್ತು, ಒಲೆಗೆ ಅದೇ ಸೌದೆ. ಕೆಲಸದವರು ಉತ್ತರ ಪ್ರದೇಶದವರು. ಈಗ ಮಂಡ್ಯದ ಎಷ್ಟೋ ಆಲೆಮನೆಗಳಲ್ಲಿ ಅವರೇ. ಒಬ್ಬಾತ ಮಂಡ್ಯದ ಕನ್ನಡದಲ್ಲೇ "ಬನ್ನಿ ಸಾ, ಹಾಲು ಕುಡೀರಿ" ಅಂದ. ಕಬ್ಬಿನ ಹಾಲು. ಆಮೇಲೆ ಕೊಪ್ಪರಿಗೆಯಿಂದ ಆಗಷ್ಟೇ ಇಳಿಸಿದ ಬಿಸಿ ಬೆಲ್ಲ, ಕಬ್ಬಿನ ತುಂಡಿಗೆ ಸುತ್ತಿ ಕೊಟ್ಟ. ಬೆಳಗ್ಗೆಯಿಂದ ಸರಿಯಾಗಿ ಏನೂ ತಿಂದಿರಲಿಲ್ಲ. ಹಲ್ಲಿಗೆ ಮೆತ್ತಿಕೊಂಡ ಬೆಲ್ಲದ ಜೊತೆ ಇಬ್ಬರೂ ಮಾತಿಲ್ಲದೆ ಒಂದು ಗಂಟೆ ಅಲ್ಲೇ ಕೂತುಬಿಟ್ಟೆವು. ಕತ್ತಲಾಗುವುದರೊಳಗೆ ಏರಿ ಬಿಟ್ಟು ಡಾಂಬರಿಗೆ ಬಂದೆವು. ಸೂರ್ಯ ಮುಳುಗಿದ ಮೇಲೆ ಆ ಏರಿಯ ಮೇಲೆ ನಾನಂತೂ ಹೋಗುವುದಿಲ್ಲ.

ನೆಂಟರ ಮನೆ ಮುಂದೆ ಶಾಮಿಯಾನ ಹಾಕುತ್ತಿದ್ದರು. ಅತ್ತೆ ಬಾಗಿಲಲ್ಲೇ ನಿಲ್ಲಿಸಿ, "ಹಿತ್ತಲಿಂದ ಬನ್ನಿ ಇಬ್ರೂ" ಅಂದರು. ಮಾವ ನಮ್ಮನ್ನು ನೋಡಲೇ ಇಲ್ಲ. ಯೆಜ್ಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೊಬೈಲಿನ ಟಾರ್ಚು ಬಿಟ್ಟರು. ಇಂಜಿನ್ನಿನ ರೆಕ್ಕೆಗಳ ಸಂದಿಯಲ್ಲಿ ಗಟ್ಟಿಯಾಗಿದ್ದ ಮಣ್ಣನ್ನು ತೆಂಗಿನ ಕಡ್ಡಿಯಲ್ಲಿ ಕೆರೆದರು. ಹಿಂದಿನ ಚಕ್ರದಿಂದ ಒಂದು ತುಂಡು ಹುರುಳಿ ಬಳ್ಳಿ ಎಳೆದು ಬೆಳಕಿಗೆ ಹಿಡಿದರು.

"ಸರ್ವಿಸ್ ರಸ್ತೇಲಿ ಹುರುಳಿ ಬೆಳ್ದವ್ರಾ?"

ಭಾಮೈದ ನನ್ನ ಮುಖ ನೋಡಿದ. ನಾನು ಶಾಮಿಯಾನ ನೋಡಿದೆ. ಮಾವ ಎದ್ದು ಲುಂಗಿ ಎತ್ತಿ ಕಟ್ಟಿಕೊಂಡು, ನಲ್ಲಿಗೆ ಪೈಪು ಸಿಕ್ಕಿಸಿ, "ಆ ದೊಡ್ಡ ಗಾಡೀನೂ ಇತ್ತ ತಳ್ಳು" ಅಂದರು. ಪಂದ್ಯದ ಮಾತನ್ನು ಇಬ್ಬರೂ ಎತ್ತಲಿಲ್ಲ.