ಡಿಕ್ಕಿ ಮೇಲಿನ ಅಕ್ಷರ

ಭಾನುವಾರ, 6 ಅಕ್ಟೋಬರ್ 2024, ರಾತ್ರಿ

ಹಾಸನದಿಂದ ಬಂದು ಊಟ ಮುಗಿಸಿದೆ. ನಿದ್ದೆ ಹತ್ತುತ್ತಿಲ್ಲ. ದೊಡ್ಡಪ್ಪನ ಮುಖವೇ ಕಣ್ಣ ಮುಂದೆ.

ಶುಕ್ರವಾರ ಆಯುಧಪೂಜೆ ಅಲ್ವಾ, ಅಷ್ಟರಲ್ಲಿ ದೊಡ್ಡಪ್ಪನ ಹಳೇ ಹೆರಾಲ್ಡ್ ಕಾರು ತೊಳೆದು ಬರೋಣ ಅಂತ ಗೆಳೆಯನನ್ನೂ ಕರೆದುಕೊಂಡು ಹೋಗಿದ್ದೆ. ಡಿಕ್ಕಿ ಮೇಲೆ ‘ಟ್ರಯಂಫ್’ ಅಂತ ಇಂಗ್ಲಿಷ್ ಅಕ್ಷರಗಳಿವೆ. “ಇಂಗ್ಲೆಂಡ್ ಗಾಡಿ ಕಣೋ, ಹಡಗಿನಲ್ಲಿ ಬಂದಿದ್ದು” ಅನ್ನೋ ಮಾತನ್ನು ದೊಡ್ಡಪ್ಪನ ಬಾಯಲ್ಲಿ ಚಿಕ್ಕಂದಿನಿಂದ ಕೇಳಿದ್ದೇನೆ. ಮಾರಿದ ಸಕಲೇಶಪುರದ ತೋಟದವರು ಹಾಗೆ ಹೇಳಿದ್ದರಂತೆ.

ಗೆಳೆಯ ಗಾಡಿಗೆ ಒಂದು ಸುತ್ತು ಬಂದು ನಿಂತ. “ಇದಕ್ಕೆ ನಾಲ್ಕು ಬಾಗಿಲಿದೆಯಲ್ಲೋ!”

ನಾನು ಇಷ್ಟು ವರ್ಷ ಆ ಬಾಗಿಲುಗಳನ್ನು ಸುಮ್ನೆ ತೆಗೆದು ಮುಚ್ಚಿದ್ದೇ ಬಂತು. ಹೆರಾಲ್ಡ್ ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆಸರಿನಲ್ಲಿ ಬಂದಿದ್ದು 1959ರಲ್ಲಿ. ಅಲ್ಲಿ ಕೊನೇವರೆಗೂ ಎರಡೇ ಬಾಗಿಲು. ನಾಲ್ಕು ಬಾಗಿಲಿನದು ಮದ್ರಾಸಿನಲ್ಲಿ ಮಾತ್ರ ಆಯಿತು, ಅದೂ ‘ಸ್ಟ್ಯಾಂಡರ್ಡ್’ ಹೆಸರಿನಲ್ಲಿ. ಅಜ್ಜಿ ತಾತ ಹಿಂದಿನ ಸೀಟಿಗೆ ಬಗ್ಗಿ ತೂರುವ ಕಷ್ಟ ತಪ್ಪಿತು. ಸ್ಟ್ಯಾಂಡರ್ಡ್ ಅನ್ನೋದು ಟ್ರಯಂಫ್ ಮಾಡುತ್ತಿದ್ದ ಕಂಪನಿಯದೇ ಇನ್ನೊಂದು ಹೆಸರು, ಇಂಗ್ಲೆಂಡಿನಲ್ಲಿ ಅದು 1963ಕ್ಕೇ ಹೋಯಿತು. ಇಲ್ಲಿ ಉಳಿಯಿತು.

ಅಕ್ಷರಗಳ ಸುತ್ತ ಬೆರಳಾಡಿಸಿದೆ. ಬಣ್ಣದಡಿ ಸಣ್ಣ ಸಣ್ಣ ಉಬ್ಬು. ಡಿಕ್ಕಿ ಎತ್ತಿ ಒಳಗಿಂದ ಟಾರ್ಚ್ ಬಿಟ್ಟೆ. ಪುಟ್ಟಿ ತುಂಬಿದ ಹಳೇ ತೂತುಗಳು ಸಾಲಾಗಿ ಕಂಡವು. ಯಾರೋ ಹೆಸರು ಕಿತ್ತು ಬೇರೆ ಹೆಸರು ಕೂರಿಸಿದ್ದಾರೆ.

“ಹಾಗಾದ್ರೆ ಮದ್ರಾಸಿಂದಾ?” ದೊಡ್ಡಪ್ಪ ಹಿಂದೆಯೇ ನಿಂತಿದ್ದರು.

“ಹೌದು ದೊಡ್ಡಪ್ಪ. ಆಕಾರ ಬರೆದಿದ್ದು ಇಟಲಿಯ ಮಿಕೆಲೊಟ್ಟಿ. ಮೂಲ ಗಾಡಿ ಇಂಗ್ಲೆಂಡಿಂದು. ಇದನ್ನ ಕಟ್ಟಿದ್ದು ಮದ್ರಾಸಲ್ಲಿ.”

ಅವರು ಮಾತಾಡಲಿಲ್ಲ. ಮುಂದೆ ಹೋಗಿ ಬಾನೆಟ್ ಎತ್ತಿದರು. ಹೆರಾಲ್ಡಿನಲ್ಲಿ ಮಡ್‌ಗಾರ್ಡ್ ಸಮೇತ ಇಡೀ ಮೂತಿ ಮುಂದಕ್ಕೆ ವಾಲುತ್ತದೆ, ಟಯರ್ ಮೇಲೆ ಕೂತೇ ಇಂಜಿನ್ ಕೆಲಸ ಮಾಡಬಹುದು. ನನಗೆ ಪ್ಲಗ್ ಬಿಚ್ಚೋದು ಕಲಿಸಿದ್ದು ಹಾಗೇ ಕೂತು. ಇವತ್ತೂ ಅಲ್ಲೇ ಕೂತರು.

“ನಿಮ್ಮ ದೊಡ್ಡಮ್ಮ ಆ ಅಕ್ಷರ ಒಂದೊಂದಕ್ಕೂ ಕುಂಕುಮ ಇಡ್ತಿದ್ಲು” ಅಂದರು. ಅಷ್ಟೇ.

ಸ್ಟ್ಯಾಂಡರ್ಡ್ ಅಕ್ಷರಗಳ ಹಳೇ ಸೆಟ್ ಒಂದು ಕಡೆ ಇದೆ, ತರಿಸುತ್ತೇನೆ ಅಂತ ಗೆಳೆಯ ದಾರಿಯುದ್ದಕ್ಕೂ ಹೇಳಿದ. ಅವನು ಹೇಳೋದು ಸರಿ. ಮದ್ರಾಸಿನ ಕೆಲಸಗಾರರು ಕೂರಿಸಿದ ಹೆಸರು ಅದು, ಗಾಡಿಗೆ ಅದು ವಾಪಸ್ ಸಿಗಬೇಕು. ಆದರೆ ‘ಎಂ’ ಅಕ್ಷರದ ಸಂದಿಯಲ್ಲಿ ಒಣಗಿದ ಕುಂಕುಮ ಇನ್ನೂ ಇದೆ. ಬ್ರಶ್ ಹಾಕಲು ಹೋದಾಗ ದೊಡ್ಡಪ್ಪ ನನ್ನ ಕೈ ಹಿಡಿದರು.

ಗೆಳೆಯನಿಗೆ ಬೆಳಿಗ್ಗೆ ಫೋನ್ ಮಾಡಬೇಕು. ತರಿಸು ಅನ್ನಲಾ, ಅಥವಾ ಈ ಹಬ್ಬ ಒಂದು ಕಳೆಯಲಿ ಅಂತ